ಒಂದು ಗಂಟೆ ಇಪ್ಪತ್ತು ನಿಮಿಷ

ಚೊಕುರ್ದಾಖ್
14 ಅಕ್ಟೋಬರ್ 1990

ತಂಗಿ ಅಗಾಫ್ಯಾ,

ನಿಮ್ಮ ವಿಮಾನ ಮೋಡದೊಳಗೆ ಹೋದ ಮೇಲೂ ನಾನು ಬೇಲಿಯ ಹತ್ತಿರವೇ ನಿಂತಿದ್ದೆ. ಅಷ್ಟರಲ್ಲಿ ನಿಲ್ದಾಣದ ಕಾಯುವ ಕೋಣೆಯಲ್ಲಿ ನಾನು ಉರಿಸಬೇಕಾದ ಒಲೆ ಆರಿಹೋಗಿತ್ತು. ಅಧಿಕಾರಿ ಬೈದ. ಬೈಯಲಿ, ಅವನ ಕೆಲಸ ಅದು. ಗೋಡೆಯ ಗಡಿಯಾರ ನೋಡಿಕೊಂಡೇ ನೆಲ ಒರೆಸಿದೆ. ಒರೆಸಿದ ಕಡೆಯೇ ಮತ್ತೆ ಒರೆಸುತ್ತಿದ್ದೆನೋ ಏನೋ, ರೇಡಿಯೋ ಕೋಣೆಯ ವಸ್ಸಾ ಕಿಟಕಿಯಿಂದ ಕೂಗಿ ಹೇಳಿದಳು: "ಚೆರ್ಸ್ಕೀಲಿ ಇಳೀತು ಕಣೇ ಮವ್ರಾ. ಇನ್ನಾದ್ರೂ ಆ ಬಟ್ಟೆ ಹಿಂಡು."

ಉಲ್ಯಾಳನ್ನು ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಅಕ್ಕನ ಒಲೆಯ ಸುತ್ತ ಇಬ್ಬರು ಮಕ್ಕಳು, ತಂಗಿಯ ಒಲೆಯ ಸುತ್ತ ಯಾರೂ ಇಲ್ಲ ಎಂದರೆ ಒಂದನ್ನು ಕೊಡುವುದು ನಮ್ಮ ಜನರಲ್ಲಿ ಇದ್ದದ್ದೇ. ಅಮ್ಮನೂ ಸಾಯುವಾಗ ಅದನ್ನೇ ಹೇಳಿದಳು. ಮೂರು ಸಲ ನೀನು ಹೆರಿಗೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಆದರೆ ವಿಮಾನದ ಮೆಟ್ಟಿಲ ಹತ್ತಿರ ನೀನು ಆಡಿದ ಮಾತನ್ನು ಮರೆಯಬೇಡ. "ಅಕ್ಕಾ, ಒಂದ್ ಗಂಟೆ ಇಪ್ಪತ್ ನಿಮಿಷದ ದಾರಿ. ಕೊಟ್ಟೆ ಅಂತ ಯಾಕಂತೀಯ? ಪಕ್ಕದ್ಮನೇಲಿ ಆಡೋಕ್ ಬಿಟ್ಟಿದೀನಿ ಅನ್ಕೋ." ಹಾಗೆಯೇ ಅಂದುಕೊಳ್ಳುತ್ತಿದ್ದೇನೆ.

ಉಲ್ಯಾ ಮಲಗುವಾಗ ಪಕ್ಕದಲ್ಲಿರುವವರ ಕಿವಿ ಹಿಡಿದುಕೊಳ್ಳುತ್ತಾಳೆ. ಬಿಡಿಸಬೇಡ, ನಿದ್ದೆ ಬಂದ ಮೇಲೆ ತಾನೇ ಬಿಡುತ್ತಾಳೆ. ಮೀನಿನ ಸಾರು ಬಿಸಿಯಿದ್ದರೆ ಮುಟ್ಟುವುದಿಲ್ಲ. ಏಳು ತುಂಬಿ ಶಾಲೆಗೆ ಸೇರಿದಾಗ ನಾನು ಯಾರೆಂದು ಹೇಳುವುದು ಎಂದು ಮಾತಾಗಿದೆ. ಅಲ್ಲಿಯವರೆಗೆ ನಾನು ದೊಡ್ಡಮ್ಮ.

ಸ್ಪಿರ್ಯಾ ತಂಗಿಯ ಬಟ್ಟಲನ್ನು ಬಚ್ಚಿಟ್ಟಿದ್ದಾನೆ. ಎಲ್ಲಿ ಎಂದು ಕೇಳಿದರೆ ಹೇಳುವುದಿಲ್ಲ.

ನಿನ್ನ ಅಕ್ಕ
ಮವ್ರಾ


ಚೆರ್ಸ್ಕಿ
25 ಅಕ್ಟೋಬರ್ 1990

ಅಕ್ಕಾ,

ಉಲ್ಯಾ ಚೆನ್ನಾಗಿದ್ದಾಳೆ. ಅಳಲಿಲ್ಲ. ವಿಮಾನದಲ್ಲಿ ಪೂರಾ ನಿದ್ದೆ. ಗವ್ರೀಲ್ ಅವಳಿಗೆಂದು ತಗಡಿನ ಜಾರುಬಂಡಿ ಮಾಡಿದ್ದಾರೆ. ವಿಮಾನ ರಿಪೇರಿ ಮಾಡುವ ಮನುಷ್ಯ ಮಗುವಿನ ಆಟಿಕೆಗೂ ಅಷ್ಟೇ ಮೊಳೆ ಹೊಡೆದಿದ್ದಾರೆ, ಎತ್ತಲಿಕ್ಕೇ ಆಗುವುದಿಲ್ಲ.

ನಾನು ಹವಾಮಾನ ಕೋಣೆಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಗಾಳಿ, ಮೋಡ, ಚಳಿ ಎಷ್ಟೆಂದು ನಾನು ಬರೆದುಕೊಳ್ಳುವಾಗ ಮೇಜಿನ ಕೆಳಗೆ ಕೂತು ಆಡುತ್ತಾಳೆ. ಮನೆಯ ಬಾಗಿಲ ಚಿಲಕವನ್ನು ಒಂದು ಮೊಳ ಮೇಲಕ್ಕೆ ಹಾಕಿಸಿದೆವು, ಗಾಳಿಗೆ ತಾನೇ ತೆರೆದುಕೊಳ್ಳುತ್ತಿತ್ತು. ಬೇರೆ ಏನೂ ವಿಶೇಷವಿಲ್ಲ. ಬೇಸಿಗೆಗೆ ಖಂಡಿತ ಬರುತ್ತೇವೆ.

ಅಗಾಫ್ಯಾ


ಚೊಕುರ್ದಾಖ್
11 ಜುಲೈ 1991

ಅಗಾಫ್ಯಾ,

ನೀವು ಹೋದ ಮೇಲೆ ಸೊಳ್ಳೆಗಳೂ ಕಡಿಮೆಯಾದವು, ನಿಮ್ಮ ಜೊತೆಗೇ ಹೋದವೇನೋ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳೇ ಹಾಗೆ. ನಾನು ಎತ್ತಿಕೊಳ್ಳಲು ಹೋದಾಗ ಅವಳು ನಿನ್ನ ಲಂಗದ ಹಿಂದೆ ಅಡಗಿದ್ದು ನೋಡಿ, ಹೆತ್ತ ಅಪ್ಪನಲ್ಲವೇ, ಪ್ರೊಕೋಪಿಗೆ ಕಣ್ಣಲ್ಲಿ ನೀರು ಬಂತು, ನನಗೆ ನಗು ಬಂತು. ಅವಳಿಗೆ ಅಮ್ಮ ಸಿಕ್ಕಿದ್ದಾಳೆ ಎಂದಲ್ಲವೇ ಅರ್ಥ? ಸ್ಪಿರ್ಯಾನ ಹೆಗಲ ಮೇಲೆ ಮಾತ್ರ ಮೂರೂ ದಿನ ಕೂತಿದ್ದಳು. ಅವನಿಗೆ ಈಗಲೂ ಕುತ್ತಿಗೆ ನೋವಂತೆ. ಮುಂದಿನ ವರ್ಷ ಇನ್ನೂ ಭಾರ ಆಗಿರುತ್ತಾಳೆ ಎಂದು ಈಗಿನಿಂದಲೇ ಕಟ್ಟಿಗೆ ಹೊತ್ತು ಅಭ್ಯಾಸ ಮಾಡುತ್ತಿದ್ದಾನೆ.

ಮವ್ರಾ


ಚೊಕುರ್ದಾಖ್
2 ನವೆಂಬರ್ 1992

ಅಗಾಫ್ಯಾ,

ಪ್ರೊಕೋಪಿ ಕಳಿಸಿದ ತಂತಿಯ ಒಂದು ಸಾಲಿನಿಂದ ನಿನಗೆ ವಿಷಯ ತಿಳಿದಿದೆ. ನನಗೆ ಕೂತು ಬರೆಯಲು ಹದಿನೆಂಟು ದಿನ ಬೇಕಾಯಿತು.

ಸ್ಪಿರ್ಯಾ ಶಾಲೆಯಿಂದ ಬಂದ. ಜಾರುಬಂಡಿ ತೆಗೆದುಕೊಂಡ. "ಅಪ್ಪ ಬರೋದ್ ತಡ ಆಗತ್ತೆ, ಬಲೆ ನಾನೇ ನೋಡ್ಕೊಂಡ್ ಬರ್ತೀನಿ" ಎಂದ. ನಾನು ಹೂಂ ಎಂದೆ. ಅಕ್ಟೋಬರ್ ಅರ್ಧ ಆಗಿತ್ತು, ಇಂದಿಗಿರ್ಕಾ ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದೆ ಎಂದು ಊರೆಲ್ಲ ನಡೆದಾಡುತ್ತಿತ್ತು. ನಡುವೆ ಒಂದು ಕಡೆ ಹರಿವು ಜೋರು, ಅಲ್ಲಿ ಮಂಜುಗಡ್ಡೆ ತೆಳು. ನಾಲ್ಕನೇ ದಿನ ಸಿಕ್ಕಿದ. ಒಂಬತ್ತು ವರ್ಷ ಎಂದು ಸಮಾಧಿಯ ಹಲಗೆಯ ಮೇಲೆ ಬರೆಸಿದರು. ಇನ್ನೂ ಎರಡು ತಿಂಗಳು ಇತ್ತು, ಎಂಟೇ.

ಮನೆಯಲ್ಲಿ ಏನೂ ಸದ್ದಿಲ್ಲ. ಪ್ರೊಕೋಪಿ ಒಲೆಯ ಮುಂದೆ ಕೂತರೆ ಅಲ್ಲೇ.

ಉಲ್ಯಾಳನ್ನು ಕರೆದುಕೊಂಡು ಬಾ. ಡಿಸೆಂಬರ್ ಹದಿನೇಳರ ಗುರುವಾರದ ವಿಮಾನವೇ ಕೊನೆಯದಂತೆ. ಆಮೇಲೆ ನಮ್ಮ ಊರಿಗೂ ನಿಮ್ಮ ಊರಿಗೂ ನಡುವೆ ಹಾರಾಟ ಇಲ್ಲ. ಇಂಧನವಿಲ್ಲ, ಕೊಡುವವರು ಯಾರೂ ಇಲ್ಲ ಎಂದು ಕಪಿತೋನ್ ಹೇಳಿದ. ವಿಮಾನ ಓಡಿಸುವವನೇ ಹೇಳಿದ ಮೇಲೆ ನಿಜವೇ ಇರಬೇಕು. ಅದಕ್ಕೇ ಅಷ್ಟರೊಳಗೆ ಬಾ. ಈ ಮನೆಯಲ್ಲಿ ಒಂದು ಮಗುವಿನ ದನಿ ಕೇಳಬೇಕು ನನಗೆ.

ಮವ್ರಾ


ಚೆರ್ಸ್ಕಿ
18 ಡಿಸೆಂಬರ್ 1992

ಅಕ್ಕಾ,

ಮೊನ್ನೆ ಕಳಿಸಿದ ತಂತಿ ಸಿಕ್ಕಿರಬೇಕು. ಉಲ್ಯಾಗೆ ವಿಪರೀತ ಜ್ವರ. ಮೈ ಕೆಂಡದ ಹಾಗೆ. ವೈದ್ಯರು ಹೊರಗೆ ಕರೆದುಕೊಂಡು ಹೋಗಲೇಬಾರದು ಎಂದರು. ನಾನು ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಚೀಲಗಳನ್ನು ಕಟ್ಟಿಟ್ಟಿದ್ದೆ, ಅವಳಿಗೆ ಹೊಸ ಟೋಪಿ ಕೂಡ ತೊಡಿಸಿ ನೋಡಿದ್ದೆ. ಗವ್ರೀಲ್ ಸಾಕ್ಷಿ. ವಿಮಾನ ಮತ್ತೆ ಶುರುವಾಗುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ, ಹೆಚ್ಚೆಂದರೆ ವಸಂತದವರೆಗೆ. ಶುರುವಾದ ದಿನವೇ ಬರುತ್ತೇವೆ.

ಸ್ಪಿರ್ಯಾನ ನೆನಪಿಗೆ ನಾವೂ ರೂಢಿಯಂತೆ ಒಲೆಯ ಬೆಂಕಿಗೆ ಒಂದು ತುತ್ತು ಹಾಕಿದೆವು.

ಅಗಾಫ್ಯಾ


ಚೊಕುರ್ದಾಖ್
20 ಫೆಬ್ರವರಿ 1993

ಅಗಾಫ್ಯಾ,

ಪತ್ರ ಬಂತು. ಯಾಕುತ್ಸ್ಕ್ ಸುತ್ತಿ ಬಂದಿದೆ, ಮುದ್ರೆ ನೋಡಿದೆ. ಮಗುವಿಗೆ ಜ್ವರ ಬಿಟ್ಟಿರಬಹುದು.

ಈ ಸಲ ಮೀನು ಕಡಿಮೆ. ಇರುವವು ದಪ್ಪಗಿವೆ. ಪ್ರೊಕೋಪಿ ನಾಯಿಗಳಲ್ಲಿ ಎರಡನ್ನು ಮಾರಿದ. ಕಾಯುವ ಕೋಣೆಯಲ್ಲಿ ಈಗ ವಾರಕ್ಕೆ ಒಂದು ದಿನ ಮಾತ್ರ ಒಲೆ ಉರಿಸುತ್ತೇನೆ, ಯಾಕುತ್ಸ್ಕ್ ವಿಮಾನಕ್ಕೆ.

ಅವಳ ಪಾದದ ಉದ್ದಕ್ಕೆ ಒಂದು ದಾರ ಕತ್ತರಿಸಿ ಪತ್ರದಲ್ಲಿಟ್ಟು ಕಳಿಸು. ಹಿಮಸಾರಂಗದ ಕಾಲಿನ ಚರ್ಮ ಒಳ್ಳೆಯದು ಸಿಕ್ಕಿದೆ. ಬೂಟು ಹೊಲಿಯುತ್ತೇನೆ.

ಮವ್ರಾ


ಚೆರ್ಸ್ಕಿ
3 ಸೆಪ್ಟೆಂಬರ್ 1994

ಅಕ್ಕಾ,

ಈ ವರ್ಷದ ಬೂಟು ಬಂದವು. ಊರಲ್ಲಿ ಅಂಥ ಬೂಟು ಇನ್ಯಾರ ಕಾಲಲ್ಲೂ ಇಲ್ಲ. ನಾನು ದಾರ ಕಳಿಸಿ, ಅದು ನಿನ್ನನ್ನು ಮುಟ್ಟಿ, ನೀನು ಹೊಲಿದು, ಅವು ಇಲ್ಲಿ ಬರುವಷ್ಟರಲ್ಲಿ ಏಳು ತಿಂಗಳಾಯಿತು. ಬೆರಳು ಮಡಚಿಕೊಂಡು ಹಾಕಿಕೊಳ್ಳುತ್ತಾಳೆ, ತೆಗೆ ಎಂದರೆ ತೆಗೆಯುವುದಿಲ್ಲ. ಇನ್ನು ಮುಂದೆ ದಾರಕ್ಕಿಂತ ಎರಡು ಬೆರಳು ಹೆಚ್ಚಿಗೆ ಹೊಲಿ.

ಗವ್ರೀಲ್ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರು. ನೇರ ಹಾರಿದರೆ ಐನೂರ ಅರವತ್ತು ಕಿಲೋಮೀಟರ್. ಈಗ ಮೊದಲು ದಕ್ಷಿಣಕ್ಕೆ ಯಾಕುತ್ಸ್ಕ್‌ವರೆಗೆ ಹೋಗಿ, ಅಲ್ಲಿ ದಿನಗಟ್ಟಲೆ ಕಾದು, ಮತ್ತೆ ಉತ್ತರಕ್ಕೆ ಹಾರಬೇಕು. ಎರಡು ಸಾವಿರದ ಎಂಟುನೂರಕ್ಕೂ ಮೇಲೆ. ಅವರಿಗೆ ಸಂಬಳ ಅಂತ ಕೊಡುವುದು ಸಕ್ಕರೆ ಮೂಟೆ. ಸಕ್ಕರೆ ಕೊಟ್ಟರೆ ವಿಮಾನ ಹತ್ತಿಸುತ್ತಾರೆಯೇ ಎಂದು ನಗುತ್ತಾರೆ. ನಗುವುದು ಬಿಟ್ಟರೆ ಇನ್ನೇನು?

ಅಗಾಫ್ಯಾ


ಚೊಕುರ್ದಾಖ್
30 ಅಕ್ಟೋಬರ್ 1995

ಅಗಾಫ್ಯಾ,

ಜೂನ್‌ಗೆ ಅವಳಿಗೆ ಏಳು ತುಂಬಿತು. ಶಾಲೆಗೂ ಸೇರಿರಬೇಕು. ಹೇಳಿದೆಯಾ?

ಮವ್ರಾ


ಚೆರ್ಸ್ಕಿ
19 ಜನವರಿ 1996

ಅಕ್ಕಾ,

ಹೇಳುತ್ತೇನೆ. ಈಗ ತಾನೇ ಅಕ್ಷರ ಕಲಿಯುತ್ತಿದ್ದಾಳೆ, ಮನಸ್ಸು ಕದಡುವುದು ಬೇಡ ಎಂದು ಅವಳ ಶಿಕ್ಷಕಿ ಹೇಳಿದರು. ದಾರ ಇಟ್ಟಿದ್ದೇನೆ.

ಅಗಾಫ್ಯಾ


ಚೊಕುರ್ದಾಖ್
12 ನವೆಂಬರ್ 1996

ತಂಗಿ ಅಗಾಫ್ಯಾ,

ಮವ್ರಾ ಹೇಳಿದ್ದನ್ನು ನಾನು, ಪ್ರೊಕೋಪಿ, ಬರೆಯುತ್ತಿದ್ದೇನೆ. ಅವಳ ಕೈ ಬೆರಳಿಗೆ ಚರ್ಮ ಕತ್ತರಿಸುವಾಗ ಸ್ವಲ್ಪ ಗಾಯವಾಗಿದೆಯಂತೆ. ಹೀಗೆ ಬರಿ ಎಂದಳು, ಬರೆದಿದ್ದೇನೆ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳು ಖಾಲಿಯಾದವು. ವಿಮಾನ ನಿಲ್ದಾಣದ ಕೆಲಸ ಹೋಯಿತು. ಬೂಟು ಈ ಸಲ ತಡವಾಗುತ್ತದೆ. ದಾರ ಸಿಕ್ಕಿತು. ಇಷ್ಟು ಉದ್ದ ಬೆಳೆದಿದ್ದಾಳೆಯೇ ಎಂದು ಅದನ್ನು ತನ್ನ ಪಾದಕ್ಕೆ ಹಿಡಿದು ನೋಡಿಕೊಂಡಳು. ಈ ಸಾಲು ಅವಳು ಹೇಳಿದ್ದಲ್ಲ, ನಾನೇ ಬರೆದೆ.

ಪ್ರೊಕೋಪಿ


ಚೆರ್ಸ್ಕಿ
6 ಫೆಬ್ರವರಿ 1997

ಅಕ್ಕಾ,

ಭಾವನ ಕೈಬರಹ ನೋಡಿ ನನಗೆ ಅರ್ಥವಾಯಿತು. ಬೆರಳಿನ ಗಾಯ ನೆಪ. ನನಗೆ ನಿನ್ನ ಕೈಯಾರೆ ಬರೆಯಲೂ ನಿನಗೆ ಮನಸ್ಸಿಲ್ಲ. ನಾನು ಹೇಳದೆ ಮುಂದೂಡುತ್ತಿದ್ದೇನೆಂದು ನಿನಗೆ ಸಿಟ್ಟು. ಇರಲಿ. ನೀನು ನನ್ನ ಮೇಲೆ ಸಿಟ್ಟಾಗಲು ಅದಕ್ಕಿಂತ ದೊಡ್ಡ ಕಾರಣ ಇದೆ. ಅದನ್ನು ಹೇಳಿಬಿಡುತ್ತೇನೆ.

ಭಾವನ ಪತ್ರವನ್ನು ಉಲ್ಯಾ ಓದಿದಳು. ಈಗ ಅವಳಿಗೆ ಓದು ಬರುತ್ತದೆ, ಬಚ್ಚಿಡಲು ಆಗುವುದಿಲ್ಲ. ಓದಿ ಕೇಳಿದಳು: "ದೊಡ್ಡಮ್ಮ ಯಾವಾಗ್ಲೂ ನನ್ ಕಾಲಿನ್ ಅಳತೇನೇ ಕೇಳ್ತಾರೆ. ನನ್ನ ಯಾಕ್ ಕರಿಯಲ್ಲ?" ಕರೆದಿದ್ದಳು ಎಂದು ನನ್ನ ಬಾಯಿಗೆ ಬಂತು. ನುಂಗಿಕೊಂಡೆ.

ಆ ಕೊನೆಯ ವಿಮಾನದ ದಿನ ಅವಳಿಗೆ ಜ್ವರ ಇರಲಿಲ್ಲ ಅಕ್ಕಾ. ಟೋಪಿ ತೊಡಿಸಿ, ಚೀಲ ಹಿಡಿದು ನಿಲ್ದಾಣದ ಬೇಲಿಯವರೆಗೆ ಹೋದೆವು. ತಂತಿ ಮಾತ್ರ ಹಿಂದಿನ ದಿನವೇ ಕಳಿಸಿದ್ದೆ. ಅಂದರೆ ಹೋಗುವುದಿಲ್ಲವೆಂದು ತೀರ್ಮಾನ ಮಾಡಿಯೇ ಬೇಲಿಯವರೆಗೆ ಹೋಗಿದ್ದೆ. ಯಾಕೆ ಹೋದೆ ಎಂದು ನನಗೂ ಗೊತ್ತಿಲ್ಲ. ಮಗುವಿನ ದನಿ ಕೇಳಬೇಕು ಎಂದು ನೀನು ಬರೆದಿದ್ದೆ. ಅದು ಕೊನೆಯ ವಿಮಾನ. ಬಂದರೆ ನೀನು ಅವಳನ್ನು ಬಿಟ್ಟುಹೋಗು ಎನ್ನುತ್ತೀಯ, ಮಗನನ್ನು ಕಳೆದುಕೊಂಡ ನಿನಗೆ ಆಗುವುದಿಲ್ಲ ಎನ್ನಲು ನನ್ನಿಂದ ಆಗುವುದಿಲ್ಲ ಎಂದು ಹೆದರಿದೆ. ನಮ್ಮ ನಡುವೆ ಬಾಯಿಮಾತು ಬಿಟ್ಟರೆ ಒಂದು ಕಾಗದವಿಲ್ಲ.

ವಿಮಾನ ನಿಂತುಹೋಯಿತೆಂದು ಊರೆಲ್ಲ ಶಪಿಸುತ್ತಿದ್ದಾಗ ನಾನೊಬ್ಬಳೇ ಒಳಗೊಳಗೆ ನೆಮ್ಮದಿಯಿಂದಿದ್ದೆ. ಇನ್ನು ಹೇಳಲು ಏನೂ ಉಳಿದಿಲ್ಲ. ಬೈದು ಬರಿ.

ಅಗಾಫ್ಯಾ


ಚೊಕುರ್ದಾಖ್
9 ಮೇ 1997

ಅಗಾಫ್ಯಾ,

ಇದು ನನ್ನದೇ ಕೈಬರಹ. ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದು.

ಜ್ವರ ಇರಲಿಲ್ಲವೆಂದು ನನಗೆ ಅದೇ ದಿನ ಗೊತ್ತಾಯಿತು. ವಿಮಾನ ಇಳಿಯಿತು. ತಂತಿ ಬಂದಿದ್ದರೂ ನಾನು ಮೆಟ್ಟಿಲ ಹತ್ತಿರ ಹೋಗಿ ನಿಂತಿದ್ದೆ, ಜ್ವರ ಬಿಟ್ಟು ಹೊರಟಿರಬಹುದೇನೋ ಎಂದು. ಕಪಿತೋನ್ ಒಳಗೆ ಬಂದು ಎಂದಿನಂತೆ ಚಹಾ ಕೇಳಿದ. ಕುಡಿಯುತ್ತಾ ಹೇಳಿದ: "ನಿನ್ ತಂಗೀನೂ ಮಗೂನೂ ಬೇಲಿ ಹತ್ರಾನೇ ನಿಂತಿದ್ರು. ಮಗು ಕೈ ಬೀಸ್ತಾನೇ ಇತ್ತು. ಬರ್ತಾರೇನೋ ಅಂತ ಐದ್ ನಿಮಿಷ ಬಾಗ್ಲು ತೆಗೆದೇ ಇಟ್ಟಿದ್ದೆ. ಬರ್ಲಿಲ್ಲ." ಪಾಪ, ಅವನಿಗೇನು ಗೊತ್ತು. ನಾನು ಅವನ ಲೋಟಕ್ಕೆ ಎರಡನೇ ಸಲ ಚಹಾ ಹಾಕಿದೆ.

ನಾಲ್ಕು ವರ್ಷ ನಿನಗೆ ಮೀನಿನ ಸುದ್ದಿ ಬರೆದೆ, ನಾಯಿಯ ಸುದ್ದಿ ಬರೆದೆ. ಬೈದಿದ್ದರೆ ನೀನು ಬರೆಯುವುದನ್ನು ನಿಲ್ಲಿಸುತ್ತಿದ್ದೆ. ನಿನ್ನನ್ನು ಚಿಕ್ಕಂದಿನಿಂದ ಬಲ್ಲೆ, ತಪ್ಪು ಮಾಡಿದರೆ ಮಂಚದ ಕೆಳಗೆ ಹೋಗಿ ಸೇರುವವಳು. ನೀನು ನಿಲ್ಲಿಸಿದ್ದರೆ ಅವಳ ಪಾದ ಎಷ್ಟು ಬೆಳೆಯಿತೆಂದು ನನಗೆ ಯಾರು ಹೇಳುತ್ತಿದ್ದರು?

ಕಿತ್ತುಕೊಳ್ಳುತ್ತೇನೆಂದು ಹೆದರಿದೆಯಂತೆ. ವಿಮಾನ ಇಲ್ಲಿ ಎರಡು ಗಂಟೆ ನಿಲ್ಲುತ್ತಿತ್ತು, ನಿನಗೆ ಗೊತ್ತೇ ಇದೆ. ನನಗೆ ಆ ಎರಡು ಗಂಟೆ ಸಾಕಿತ್ತು. ಊಟ ಹಾಕಿ, ತಲೆ ಬಾಚಿ, ಪ್ರೊಕೋಪಿಯ ತೊಡೆಯ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಅದೇ ವಿಮಾನಕ್ಕೆ ನಿಮ್ಮನ್ನು ಹತ್ತಿಸಬೇಕೆಂದಿದ್ದೆ. ಅದನ್ನು ಬಿಡಿಸಿ ಬರೆಯಬೇಕಿತ್ತು. ತಂಗಿಗೆ ಇದನ್ನೂ ಬಿಡಿಸಿ ಹೇಳಬೇಕೆ ಎಂದು ಬರೆಯಲಿಲ್ಲ. ಅದು ನನ್ನ ತಪ್ಪು.

ಕ್ಷಮಿಸಿದ್ದೇನೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಸುಳ್ಳು ನಮ್ಮಿಬ್ಬರ ನಡುವೆ ಸಾಕಷ್ಟಾಯಿತು.

ಬೆರಳಿಗೆ ಗಾಯ ಎಂದದ್ದೂ ಸುಳ್ಳೇ. ಹೊಟ್ಟೆಯಲ್ಲಿ ಗಡ್ಡೆ. ಯಾಕುತ್ಸ್ಕ್‌ಗೆ ಕಳಿಸುತ್ತೇವೆ ಎಂದರು. ಅಲ್ಲಿಂದ ತಿರುಗಿ ಬಂದವರನ್ನು ನಾನು ಕಂಡಿಲ್ಲ, ಹೋಗುವುದಿಲ್ಲ ಎಂದೆ. ಅವಳು ನನ್ನನ್ನು ಮೊದಲ ಸಲ ಕಣ್ತುಂಬ ನೋಡುವುದು ಹೀಗೆ ಮೂಳೆಚಕ್ಕಳವಾದ ಮೇಲೆಯೇ ಎಂದು ನಾಚಿಕೆ. ಬರಬೇಡ ಎಂದು ಬರೆಯಲೆಂದೇ ಕೂತಿದ್ದೆ.

ಬೇಸಿಗೆ ಮುಗಿಯುವುದರೊಳಗೆ ಬಾ. ಅವಳಿಗೆ ಹೇಳಿ ಕರೆದುಕೊಂಡು ಬಾ.

ಮವ್ರಾ


ಯಾಕುತ್ಸ್ಕ್, ವಿಮಾನ ನಿಲ್ದಾಣ
19 ಆಗಸ್ಟ್ 1997

ಅಕ್ಕಾ,

ನಿನ್ನ ಪತ್ರ ಜುಲೈ ಕೊನೆಗೆ ಸಿಕ್ಕಿತು. ಗವ್ರೀಲ್ ತಮ್ಮ ಮೋಟಾರು ದೋಣಿ ಮಾರಿದರು. ಯಾಕುತ್ಸ್ಕ್‌ಗೆ ಬಂದು ಒಂಬತ್ತು ದಿನವಾಯಿತು. ಮೊದಲು ನಿಮ್ಮ ಊರಿನಲ್ಲಿ ಮಂಜು ಎಂದರು. ಮಂಜು ಹರಿದ ಮೇಲೆ ಇಲ್ಲಿ ಇಂಧನ ಇಲ್ಲ ಎಂದರು. ಹವಾಮಾನ ಬರೆಯುವುದೇ ಕೆಲಸವಾದ ನನಗೆ ಮಂಜಿನ ಕಥೆ ಹೇಳುತ್ತಾರೆ. ಕಿಟಕಿಯ ಹತ್ತಿರ ಬೆಂಚಿನ ಮೇಲೆ ಮಲಗುತ್ತೇವೆ. ಒಬ್ಬ ಅಜ್ಜಿ ಒಣಮೀನು ಕೊಟ್ಟಳು.

ಮೂರನೇ ದಿನ ಹೇಳಿದೆ. ಎಲ್ಲವನ್ನೂ. ಬೇಲಿಯ ಹತ್ತಿರ ನಿಂತದ್ದನ್ನೂ ಹೇಳಿದೆ. ಅವಳು ಅಳಲಿಲ್ಲ. ತನ್ನ ಚೀಲ ತೆಗೆದುಕೊಂಡು ಹೋಗಿ ಎದುರಿನ ಬೆಂಚಿನ ಮೇಲೆ ಕೂತಳು. ಅರ್ಧ ದಿನ ಅಲ್ಲೇ ಕೂತಿದ್ದಳು. ಆಮೇಲೆ ಬಂದು ಒಂದೇ ಮಾತು ಕೇಳಿದಳು: "ಅವ್ರನ್ನ ನಾನ್ ಏನಂತ ಕರೀಬೇಕು?"

ನೀನೇ ಹೇಳು ಅಕ್ಕಾ. ನೀನು ಹೇಗೆ ಹೇಳುತ್ತೀಯೋ ಹಾಗೆ.

ಪತ್ರವನ್ನು ಅಂಚೆ ಚೀಲಕ್ಕೆ ಹಾಕುತ್ತಿದ್ದೇನೆ, ನಮಗಿಂತ ಮೊದಲು ಅದಾದರೂ ತಲುಪಲಿ.

ಅಗಾಫ್ಯಾ


ಚೊಕುರ್ದಾಖ್
28 ಆಗಸ್ಟ್ 1997

ಗವ್ರೀಲ್,

ನಾವು ಮೊನ್ನೆ ಇಳಿದೆವು. ಅಕ್ಕ ಹದಿನಾರನೇ ತಾರೀಕೇ ಹೋದಳು. ನಾನು ಯಾಕುತ್ಸ್ಕ್‌ನಲ್ಲಿ ಕೂತು ಅವಳಿಗೆ ಪತ್ರ ಬರೆಯುತ್ತಿದ್ದಾಗ ಇಲ್ಲಿ ಮಣ್ಣು ಮಾಡಿ ಬಂದಿದ್ದರು. ಆ ಪತ್ರ ನಾವು ಬಂದ ವಿಮಾನದಲ್ಲೇ ಬಂತು. ಅಂಚೆಯವಳು ಪ್ರೊಕೋಪಿ ಭಾವನಿಗೆ ಕೊಟ್ಟಳು, ಭಾವ ನನ್ನ ಕೈಗೆ ಕೊಟ್ಟರು. ಒಡೆದಿರಲಿಲ್ಲ.

ಭಾವ ಚಹಾ ಕಾಸಿದರು, ಮೀನು ಸೀಳಿ ಮುಂದಿಟ್ಟರು. ಉಲ್ಯಾಳನ್ನು ನೇರವಾಗಿ ನೋಡುವುದೇ ಇಲ್ಲ. ಅವಳು ಬೆನ್ನು ತಿರುಗಿಸಿದಾಗ ನೋಡುತ್ತಾರೆ.

ಇವತ್ತು ಬೆಳಿಗ್ಗೆ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಹೇಳಿದಳು: "ನಾನ್ ಈ ಚಳಿಗಾಲ ಇಲ್ಲಿರ್ತೀನಿ. ಇಲ್ಲಿ ಶಾಲೆ ಇದೆ. ಇವ್ರಿಗೆ ಯಾರೂ ಇಲ್ಲ." ಭಾವ ಎದ್ದು ಹೊರಗೆ ಹೋದರು. ಬೇಡ ಎನ್ನಬಹುದಿತ್ತು ನಾನು. ಒಂಬತ್ತು ವರ್ಷದ ಮಗುವಿನ ಮಾತು, ಕೈ ಹಿಡಿದು ಎಳೆದುಕೊಂಡು ಬರಬಹುದಿತ್ತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನಾನು ಈ ಸಲ ಏನು ಹೇಳುತ್ತೇನೆಂದು ಕಾಯುತ್ತಿದ್ದಳು ಅಷ್ಟೇ. ಆಗಲಿ ಎಂದೆ.

ಶನಿವಾರದ ವಿಮಾನದಲ್ಲಿ ಒಬ್ಬಳೇ ಹೊರಡುತ್ತೇನೆ. ನಾನು ಬರುವಷ್ಟರಲ್ಲಿ ಅವಳ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿಬಿಡಿ. ಬಾಗಿಲು ತೆರೆದ ಕೂಡಲೇ ಕಾಣುವುದು ಬೇಡ.

ಅಗಾಫ್ಯಾ


ಚೊಕುರ್ದಾಖ್
16 ನವೆಂಬರ್ 1997

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಶಾಲೆಯಲ್ಲಿ ಲೆಕ್ಕ ಇಲ್ಲಿಯವರಿಗಿಂತ ನನಗೇ ಚೆನ್ನಾಗಿ ಬರುತ್ತದೆ. ನದಿಯ ಮೇಲೆ ಹೋಗಲು ನನ್ನನ್ನು ಬಿಡುವುದಿಲ್ಲ, ನೀರು ತರಲೂ ಬಿಡುವುದಿಲ್ಲ. ಪ್ರೊಕೋಪಿಯನ್ನು ಅಪ್ಪ ಎಂದು ಕರೆಯಲು ಆಗುತ್ತಿಲ್ಲ. ಪ್ರೊಕೋಪಿ ಎಂದೇ ಕರೆಯುತ್ತೇನೆ. ಅವರಿಗೆ ಬೇಜಾರಿಲ್ಲ. ಮೊದಲ ತಿಂಗಳು ಅವರು ಮಾತೇ ಆಡುತ್ತಿರಲಿಲ್ಲ. ಈಗ ನಾಯಿಗಳ ಹತ್ತಿರ ಮಾತಾಡುತ್ತಾರೆ, ನನಗೆ ಕೇಳಲಿ ಎಂದು ಜೋರಾಗಿ.

ನನ್ನ ಮೇಲೆ ನಿನಗೆ ಕೋಪ ಇದೆಯಾ? ನನಗೆ ನಿನ್ನ ಮೇಲೆ ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಇರುವ ದಿನವೂ ಮಲಗುವಾಗ ನೀನು ಬೇಕು ಅನ್ನಿಸುತ್ತದೆ. ಅಪ್ಪನಿಗೆ ಹೇಳು, ದೋಣಿ ಮಾರಿದ್ದಕ್ಕೆ ನನಗೆ ಬೇಜಾರಾಯಿತು.

ನಾವು ನನ್ನನ್ನು ಹೆತ್ತವರ ಸಮಾಧಿಗೆ ಮೂರು ಸಲ ಹೋದೆವು. ನನಗೆ ಅಳು ಬರಲಿಲ್ಲ. ಅಳಬೇಕು ಎಂದು ಪ್ರಯತ್ನಪಟ್ಟೆ. ಅವರ ಮುಖ ನನಗೆ ನೆನಪಿಲ್ಲ, ಒಂದೇ ಒಂದು ಫೋಟೋ ಇದೆ, ಅದರಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿದ್ದಾರೆ.

ಆದರೆ ಮೊನ್ನೆ ಹೀಗಾಯಿತು. ಶಾಲೆಯಿಂದ ವಿಮಾನ ನಿಲ್ದಾಣದ ಪಕ್ಕದ ದಾರಿಯಲ್ಲಿ ಬರುತ್ತಿದ್ದೆ. ರೇಡಿಯೋ ಕೋಣೆಯ ವಸ್ಸಾ ಅಜ್ಜಿ ಹೊರಗೆ ಬಂದು ನನ್ನನ್ನು ನೋಡಿ ನಿಂತುಬಿಟ್ಟರು. "ಇನ್ನೊಂದ್ ಸಲ ಆ ಕಂಬದಿಂದ ಇಲ್ಲೀವರೆಗೂ ನಡಿಯಮ್ಮಾ" ಎಂದರು. ನಡೆದೆ. ಅವರು ಬಾಗಿಲು ಹಿಡಿದುಕೊಂಡು ಅತ್ತರು. ನಾನು ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತೇನಂತೆ. ಆ ಫೋಟೋದಲ್ಲಿರುವವರೂ ಹಾಗೆಯೇ ನಡೆಯುತ್ತಿದ್ದರಂತೆ, ದೂರದಿಂದಲೇ ಇವಳೇ ಎಂದು ಗೊತ್ತಾಗುತ್ತಿತ್ತಂತೆ. ಅವರು ನಡೆಯುವುದನ್ನು ನಾನು ನೋಡಿದ ನೆನಪೇ ಇಲ್ಲ. ಆಮೇಲೆ ಮನೆಯವರೆಗೂ ನನ್ನ ಕಾಲನ್ನೇ ನೋಡಿಕೊಂಡು ಬಂದೆ, ಆಗ ಅಳು ಬಂತು.

ಅಮ್ಮಾ, ನಾನು ಇಷ್ಟು ವರ್ಷ ನಿನ್ನ ಕಣ್ಣ ಮುಂದೆಯೇ ನಡೆದಾಡಿದೆನಲ್ಲ. ನಿನಗೆ ಗೊತ್ತಾಗುತ್ತಿತ್ತಾ?

ಉಲ್ಯಾ